ಎಲ್ಲಿಸ್‌ಗೆ ಯಾವ ಹಾವು?

ನಮ್ಮ ಒಹಾಯೋದ ಹಾವು-ಹಲ್ಲಿಗಳ ಸಂತೆಯಲ್ಲಿ ಹೊಸಬರನ್ನು ಕೈ ನೋಡಿಯೇ ಗುರುತಿಸಬಹುದು. ಅದು ಜೇಬಿನಿಂದ ಹೊರಗೇ ಬರುವುದಿಲ್ಲ. 'ಕೋರಾಳ ಹಾವುಗಳು' ಎಂಬ ನನ್ನ ಬೋರ್ಡಿನ ಕೆಳಗೆ ಬಂದು ನಿಂತ ಎಲ್ಲಿಸ್‌ನ ಕೈಯೂ ಜೇಬಿನಲ್ಲೇ ಇತ್ತು. ಕಣ್ಣು ಮಾತ್ರ ಹಾವಿನ ಡಬ್ಬಿಗಳನ್ನೂ ನಡುನಡುವೆ ನನ್ನನ್ನೂ ನೋಡುತ್ತಿತ್ತು.

ಪಿಯಾನೋ ಶ್ರುತಿ ಮಾಡುವ ಕೆಲಸವಂತೆ. ಇದೇ ಮೊದಲ ಹಾವಂತೆ. ಬಾಲ್ ಪೈಥಾನೇ ಬೇಕಂತೆ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಳ್ಳುವ ಆ ಪುಟ್ಟ ಹೆಬ್ಬಾವು ನೋಡಲು ಚಂದವೇ. ಆದರೆ ಚಳಿಗಾಲ ಬಂತೆಂದರೆ ಊಟ ಬಿಟ್ಟು ಕೂರುತ್ತದೆ. ಹಾವಿಗೆ ಏನೂ ಆಗಿರುವುದಿಲ್ಲ, ಸಾಕಿದವರ ಜೀವ ಬಾಯಿಗೆ ಬಂದಿರುತ್ತದೆ. ಇಲಿಯನ್ನು ಮೂಸಿಯೂ ನೋಡಲಿಲ್ಲ, ಏನು ಮಾಡಲಿ ಎಂದು ಮಾರಿದವರಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತಾರೆ.

ಹೊಸಬರಿಗೆ ಹೇಳಿ ಮಾಡಿಸಿದ್ದು ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಸಪೂರ ಹಾವು. ಕೊಟ್ಟದ್ದನ್ನು ತಕರಾರಿಲ್ಲದೆ ನುಂಗಿ ಮಲಗುತ್ತದೆ. ಅದನ್ನು ಒಯ್ದವರು ಮತ್ತೆ ನನ್ನ ಮುಖ ನೋಡುವುದಿಲ್ಲ. ನನಗೆ ಸಂಕಟ ಶುರುವಾದದ್ದು ಇಲ್ಲೇ.

ಯಾಕೆಂದರೆ ಅಷ್ಟರಲ್ಲಿ ಅವನ ಕೈ ಜೇಬಿನಿಂದ ಹೊರಗೆ ಬಂದಿತ್ತು. ಕಿತ್ತಳೆ ಬಣ್ಣದ ಕಾರ್ನ್ ಮರಿಯೊಂದು ಬೆರಳಸಂದಿಯಲ್ಲಿ ತೂರಿ ಹೋಗುತ್ತಿದ್ದರೆ ಉಸಿರು ಬಿಗಿಹಿಡಿದು ನಗುತ್ತಿದ್ದ. ಇದರ ನಾಲಿಗೆ ಏನನ್ನು ಹುಡುಕುತ್ತದೆ, ಇದಕ್ಕೆ ನನ್ನ ಗುರುತು ಸಿಗುತ್ತದಾ, ಕನಸು ಬೀಳುತ್ತದಾ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಇಂಥವನನ್ನು ಕಳೆದುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಪೈಥಾನ್ ಕೊಟ್ಟುಬಿಟ್ಟರೆ ಚಳಿಗಾಲವಿಡೀ ಅವನ ದನಿ ಕೇಳಬಹುದಿತ್ತು.

ಆದರೆ ಹಾಗೆ ಮೋಸ ಮಾಡುವುದು ನನ್ನಿಂದಾಗಲಿಲ್ಲ.

"ನಿಮಗೆ ಕಾರ್ನೇ ಸರಿ," ಅಂದೆ. "ಪೈಥಾನ್ ಊಟ ಬಿಟ್ರೆ ನೀವು ನಿದ್ದೆ ಬಿಡ್ತೀರಿ."

"ಪರವಾಗಿಲ್ಲ, ಪೈಥಾನೇ ಕೊಡಿ."

"ಕೈಯಲ್ಲಿರೋದನ್ನ ಬಿಡೋಕೆ ಇಷ್ಟ ಇಲ್ಲ, ಬಾಯಲ್ಲಿ ಮಾತ್ರ ಪೈಥಾನ್. ಯಾಕ್ರೀ ಇಷ್ಟು ಹಟ?"

ಅವನು ಕಿವಿಯವರೆಗೂ ಕೆಂಪಾದ. ಪಕ್ಕದ ಮೇಜಿನಲ್ಲಿ ಹಲ್ಲಿ ಮಾರುವ ಡ್ವೇನ್ ಕಡೆಗೊಮ್ಮೆ ನೋಡಿದ.

"ಬೆಳಗ್ಗೆ ನಿಮ್ಮನ್ನ ನೋಡಿದ್ದೆ, ಮಾತಾಡಿಸೋಕೆ ಧೈರ್ಯ ಬರ್ಲಿಲ್ಲ. ಪೈಥಾನ್ ತಗೊಂಡ್ರೆ ಚಳಿಗಾಲ ಪೂರ್ತಿ ನಿಮಗೆ ಫೋನ್ ಮಾಡ್ತಾನೇ ಇರಬೇಕಾಗುತ್ತೆ ಅಂತ ಅವರು ಹೇಳಿದ್ರು. ಹಾಗಾದ್ರೆ ಅದೇ ಇರಲಿ ಅಂದ್ಕೊಂಡೆ."

ಡ್ವೇನ್ ತಲೆ ಎತ್ತದೆ ಹಲ್ಲಿಗಳಿಗೆ ನೀರು ಚಿಮುಕಿಸುತ್ತಿದ್ದ. ಇಷ್ಟು ಖುಷಿ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ಕಾರ್ನ್ ಮರಿಯನ್ನು ಡಬ್ಬಿಗೆ ಬಿಟ್ಟು, ಮುಚ್ಚಳದ ಮೇಲೆ ನನ್ನ ನಂಬರ್ ಬರೆದೆ.

"ಇದು ತಿಂದಾಗಲೆಲ್ಲ ಫೋನ್ ಮಾಡಿ," ಅಂದೆ. "ಶುದ್ಧ ಹೊಟ್ಟೆಬಾಕ."