ಶನಿವಾರ ಸೋರುವ ಕೆಗ್

ಮೂರನೇ ಶನಿವಾರವೂ ಆರ್ವೋ ಬಿಯರ್ ತುಂಬಿಡುವ ಸ್ಟೀಲ್ ಕೆಗ್ಗನ್ನು ಹೆಗಲ ಮೇಲೆ ಹೊತ್ತುಕೊಂಡು ಅಂಗಡಿಯೊಳಕ್ಕೆ ಬಂದಾಗ ಒಡತಿ ಸಿಗ್ನಿಗೆ ಮೈಯೆಲ್ಲ ಉರಿದುಹೋಯಿತು.

“ಮತ್ತೆ ಸೋರ್ತಿದೆ,” ಎಂದ. ಮುಖದಲ್ಲಿ ಬೇಜಾರಿನ ಸುಳಿವೇ ಇಲ್ಲ.

“ಈ ಸಲ ಎಲ್ಲಿಂದ?”

“ಬಿಯರ್ ಬರೋ ಕಡೆಯಿಂದ.”

“ಹೋದ ವಾರ ಗ್ಯಾಸ್ ಕಡೆಯಿಂದ, ಅದರ ಹಿಂದಿನ ವಾರ ಮುಚ್ಚಳದಿಂದ. ನಿಮ್ಮ ಮನೆಗೆ ಹೋದ ಕೂಡಲೇ ಅದಕ್ಕೇನ್ರೀ ಬರುತ್ತೆ ರೋಗ?”

“ಅದನ್ನೇ ನಿಮ್ಮನ್ನ ಕೇಳೋಣ ಅಂತ ಬಂದೆ,” ಎಂದು ನಕ್ಕ. ಆ ನಗು ನೋಡಿದರೆ ಸಿಗ್ನಿಗೆ ಇನ್ನಷ್ಟು ಅನುಮಾನ.

ಅಮೆರಿಕದ ದೊಡ್ಡ ಸರೋವರದ ದಡದಲ್ಲಿರುವ ಡುಲುತ್ ಊರಿನಲ್ಲಿ ಮನೆಯಲ್ಲೇ ಬಿಯರ್ ಮಾಡುವವರೆಲ್ಲ ಸಿಗ್ನಿಯ ಅಂಗಡಿಗೇ ಬರಬೇಕು, ಹಾಗಿತ್ತು ಕಾಲ. ಸೋಡಾ ಕಂಪನಿಗಳು ಬಿಸಾಕಿದ ಹಳೆಯ ಸ್ಟೀಲ್ ಕೆಗ್‌ಗಳನ್ನು ತಂದು ಅವಳು ಹೊಸದು ಮಾಡುತ್ತಿದ್ದಳು. ಒಂದೊಂದರಲ್ಲೂ ಸೋರದಂತೆ ತಡೆಯುವ ಐದು ರಬ್ಬರ್ ರಿಂಗ್. ಎಷ್ಟು ತೊಳೆದರೂ ಹಳೆಯ ರಬ್ಬರಿನಿಂದ ಸೋಡಾ ವಾಸನೆ ಹೋಗುವುದಿಲ್ಲ, ಐದನ್ನೂ ಬದಲಾಯಿಸಲೇಬೇಕು. ಮೇಲೆ ಪೈಪ್ ಸಿಕ್ಕಿಸುವ ಫಿಟಿಂಗ್‌ಗಳದ್ದು ಇನ್ನೊಂದು ತಲೆನೋವು. ಒಂದೊಂದು ಕಂಪನಿಯದಕ್ಕೂ ಒಂದೊಂದು ಥರದ ತಿರುಪಿನ ಥ್ರೆಡ್ಡು. ತಪ್ಪು ಫಿಟಿಂಗ್ ಹಾಕಿದರೆ ಎರಡು ಸುತ್ತು ಸಲೀಸಾಗಿ ಹೋಗಿ, ಮೂರನೇ ಸುತ್ತಿಗೆ ಕಚ್ಚಿಕೊಂಡು ಕೆಗ್ಗನ್ನೇ ಹಾಳು ಮಾಡುತ್ತದೆ. ಸಿಗ್ನಿಯ ಬೆರಳಿಗೆ ಮುಟ್ಟಿದರೆ ಗೊತ್ತಾಗುತ್ತಿತ್ತು, ಯಾವುದಕ್ಕೆ ಯಾವುದು ಅಂತ. ಅವಳ ಕೆಗ್ ಅಂದರೆ ಜನ ಕಣ್ಣು ಮುಚ್ಚಿಕೊಂಡು ಕೊಳ್ಳುತ್ತಿದ್ದರು.

ಈಗ ಗುಡ್ಡದ ಮೇಲೆ ಇನ್ನೊಂದು ಅಂಗಡಿ ಬಂದಿದೆ. ಅಲ್ಲಿ ಎಲ್ಲ ಫಳಫಳ ಹೊಳೆಯುವ ಹೊಸ ಕೆಗ್. ನಿನ್ನೆಯಷ್ಟೇ ಬಿಯರ್ ಕ್ಲಬ್ಬಿನ ಮುದುಕ ಗಾರ್ಡನ್ ಫೋನ್ ಮಾಡಿದ್ದ: “ಏನಮ್ಮಾ ಸಿಗ್ನಿ, ನಿನ್ನ ಕೆಗ್ ಸೋರುತ್ತಂತೆ?” ಬೆಳಿಗ್ಗೆ ಇಬ್ಬರು ಆರ್ಡರ್ ಬೇಡ ಅಂದಿದ್ದರು.

ಆರ್ವೋನ ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು. ಬಂದರಿನಲ್ಲಿ ಹಡಗಿನ ಪಂಪ್ ರಿಪೇರಿ ಮಾಡುವವನು. ಅಂಥವನಿಗೆ ಒಂದು ರಿಂಗ್ ಕೂರಿಸಲು ಬರುವುದಿಲ್ಲ ಅಂದರೆ ಯಾರು ನಂಬುತ್ತಾರೆ? ಕೆಲಸ ಮಾಡುವಾಗ ಅವಳ ಕೈಯನ್ನೇ ನೋಡುತ್ತಾ ನಿಲ್ಲುತ್ತಾನೆ. ತಲೆಯೆತ್ತಿದರೆ ಸರಕ್ಕನೆ ಗೋಡೆ ಕಡೆ ತಿರುಗುತ್ತಾನೆ. ಗುಡ್ಡದ ಮೇಲಿನ ಅಂಗಡಿಯವರ ಗೂಢಚಾರನಲ್ಲದೆ ಮತ್ತೇನು! ಇಷ್ಟೆಲ್ಲ ಗೊತ್ತಿದ್ದೂ ಇವತ್ತು ಬೆಳಿಗ್ಗೆ ಹುಡುಕಿ ಹುಡುಕಿ ನನಗೊಪ್ಪುವ ನೀಲಿ ಸ್ವೆಟರನ್ನೇ ಹಾಕಿಕೊಂಡೆನಲ್ಲ ಎಂದು ಸಿಗ್ನಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಪೈಪ್ ಸಿಕ್ಕಿಸಿ, ಗ್ಯಾಸ್ ಬಿಟ್ಟು, ಸೋಪಿನ ನೀರು ಚಿಮುಕಿಸಿದಳು. ಬುಳಬುಳ ಗುಳ್ಳೆ ಬಂತು. ಗ್ಯಾಸ್ ಖಾಲಿ ಮಾಡಿ, ಕೊಕ್ಕೆಯಿಂದ ರಿಂಗ್ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

“ರಬ್ಬರ್ ಹಳೇದಾದ್ರೆ ಅಂಕುಡೊಂಕಾಗಿ ಬಿರಿಯುತ್ತೆ, ಆರ್ವೋ. ಇದು ನೆಟ್ಟಗಿದೆ. ಬ್ಲೇಡಲ್ಲಿ ಕೊಯ್ದಿದ್ದು.”

ಅವನು ಗೋಡೆ ಕಡೆ ತಿರುಗಿದ.

“ಯಾರು ಕಳಿಸಿದ್ದು? ಗುಡ್ಡದ ಮೇಲಿನೋರಾ?”

“ದೇವರಾಣೆ ಯಾರೂ ಕಳಿಸಿಲ್ಲ. ನಾನೇ ಕೊಯ್ದೆ.” ಅವನ ಕಿವಿ ಕೆಂಪಾಯಿತು. “ಮೊದಲನೇ ಸಲ ನಿಜವಾಗ್ಲೂ ಸೋರಿತ್ತು. ಮುಚ್ಚಳ ಸೊಟ್ಟ ಹಾಕಿದ್ದೆ. ನೀವು ಅರ್ಧ ಗಂಟೆ ಕೂತು ತೋರಿಸಿಕೊಟ್ರಿ, ಚೆನ್ನಾಗಿ ಬೈದ್ರಿ ಕೂಡ. ಮನೆಗೆ ಹೋದಮೇಲೆ ಮತ್ತೆ ಶನಿವಾರ ಯಾವಾಗ ಬರುತ್ತಪ್ಪಾ ಅನ್ನಿಸ್ತು. ಆದ್ರೆ ಹಾಳಾದ್ದು, ಆಮೇಲೆ ಸೋರಲೇ ಇಲ್ಲ!”

ಸಿಗ್ನಿ ಸ್ವೆಟರಿನ ತೋಳು ಸರಿಮಾಡಿಕೊಂಡಳು. ಮರುಕ್ಷಣವೇ ಕೋಪ ನೆತ್ತಿಗೇರಿತು.

“ಸೋರುತ್ತೆ ಅಂತ ಕ್ಲಬ್ಬಲ್ಲಿ ಯಾರಿಗೆ ಹೇಳಿದ್ರಿ?”

“ಪ್ರತಿ ವಾರ ಅಲ್ಲಿಗೇನು ಕೆಲಸ ಅಂತ ಗಾರ್ಡನ್ ಕೇಳಿದ. ಬಾಯಿಗೆ ಬಂದಿದ್ದು ಹೇಳಿಬಿಟ್ಟೆ.”

“ಹದಿನಾಲ್ಕು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಕಣ್ರೀ ಅದು! ನಿಮ್ಮ ಹುಡುಗಾಟಕ್ಕೆ ಅಂಗಡಿ ಮುಚ್ಚಿಸ್ತೀರಾ? ನಡೀರಿ ಆಚೆ!”

ಅವನು ಹೋದ. ಕೆಗ್ ಅಲ್ಲೇ ಉಳಿಯಿತು. ಸಿಕ್ಕಿಬಿದ್ದ ಮೇಲೆ ಯಾರು ಬೇಕಾದರೂ ಪ್ರೀತಿಯ ಮಾತಾಡುತ್ತಾರೆ, ಅದನ್ನು ನಂಬೋಕೆ ನಾನೇನು ಹದಿನೆಂಟರ ಹುಡುಗಿಯಾ ಎಂದು ಸಿಗ್ನಿ ಮೂರು ದಿನ ಗೊಣಗಿದಳು. ಆದರೂ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು.

ಮಂಗಳವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಕ್ಲಬ್ಬಿನ ಸಭೆ. ಸಿಗ್ನಿ ಬೇಕೆಂದೇ ಹಿಂದಿನ ಕುರ್ಚಿಯಲ್ಲಿ ಕೂತಿದ್ದಳು. ಮೂವತ್ತು ಜನ. ಅರ್ಧಕ್ಕರ್ಧ ಬಂದರಿನವರು, ಆರ್ವೋನ ಜೊತೆ ಕೆಲಸ ಮಾಡುವವರೇ. ಸಭೆ ಶುರುವಾಗುವ ಮೊದಲೇ ಅವನು ಎದ್ದು ನಿಂತ.

“ಸಿಗ್ನಿಯ ಕೆಗ್ ಸೋರಲ್ಲ. ರಿಂಗ್ ಕೊಯ್ದವನು ನಾನು.”

“ಯಾಕಪ್ಪಾ, ತಲೆಗಿಲೆ ಕೆಟ್ಟಿತ್ತಾ?” ಎಂದ ಗಾರ್ಡನ್.

“ಹೂಂ. ಅವರನ್ನ ನೋಡಬೇಕಿತ್ತು. ಹೋಗೋಕೆ ಬೇರೆ ನೆಪ ಇರಲಿಲ್ಲ.”

ನೆಲಮಾಳಿಗೆಯೇ ಹಾರಿಹೋಗುವಂಥ ನಗು. “ನಲವತ್ತೈದು ವರ್ಷದ ಕೋಣ, ಕಾಫಿಗೆ ಬರ್ತೀರಾ ಅಂತ ಕೇಳೋಕೆ ಬಾಯಿಲ್ವೇನೋ!” ಎಂದು ಯಾರೋ ಮೇಜು ಗುದ್ದಿದರು.

“ಇಲ್ಲ,” ಎಂದ ಆರ್ವೋ. ಯಾರ ಮುಖವನ್ನೂ ನೋಡದೆ ಕೋಟು ಎತ್ತಿಕೊಂಡು ಹೊರಗೆ ಹೋದ.

ಇನ್ನು ಸಾಯುವವರೆಗೂ ಬಂದರಿನಲ್ಲಿ ಅವನನ್ನು ಆಡಿಕೊಂಡು ನಗುತ್ತಾರೆ ಎಂದು ಸಿಗ್ನಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಗುಡ್ಡದ ಮೇಲಿನವರು ಎಷ್ಟೇ ಕೊಟ್ಟರೂ ಯಾವ ಗಂಡಸೂ ಹೀಗೆ ನಗೆಪಾಟಲಾಗಲು ಒಪ್ಪುವುದಿಲ್ಲ.

ಅವಳು ಮೆಟ್ಟಿಲು ಹತ್ತಿ ಓಡಿದಳು.

“ಆರ್ವೋ! ನನಗಿನ್ನೂ ಕೋಪ ಹೋಗಿಲ್ಲ.”

“ಗೊತ್ತು.”

“ನೀವು ಏನೇ ಹೇಳಿದ್ರೂ ಇನ್ನೊಂದು ವರ್ಷ ಅನುಮಾನದಿಂದಲೇ ಕೇಳ್ತೀನಿ.”

“ಕೇಳಿ,” ಎಂದವನು ಗಕ್ಕನೆ ತಿರುಗಿದ. “ಒಂದು ವರ್ಷಾನಾ?”

ಸರೋವರದ ಕಡೆಯಿಂದ ಗಾಳಿ ಜೋರಾಗಿತ್ತು. ಸಿಗ್ನಿ ಅವನ ಕೋಟಿನ ಗುಂಡಿ ಹಾಕಿದಳು.

“ಶನಿವಾರ ಬನ್ನಿ. ನನಗೂ ನಿಮ್ಮನ್ನ ನೋಡಬೇಕು. ಆದ್ರೆ ಕೈಬೀಸಿಕೊಂಡು ಬನ್ನಿ, ಕೆಗ್ ಹೊತ್ತು ತಂದ್ರೆ ಬಾಗಿಲು ತೆಗೆಯಲ್ಲ.”