ಹನ್ನೆರಡು ವರ್ಷ ಬಗ್ಗಿದ ಕಲ್ಲು

ಮಂಗಳವಾರ ಬೆಳಿಗ್ಗೆ 9.20ಕ್ಕೆ ಶಿಲಾ ಸಂಶೋಧನಾಲಯದ ಮುಖ್ಯಸ್ಥೆ ಠಾಣೆಗೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಹೇಳಿದರು.

"ನನ್ನ ಕಲ್ಲು ಕಳುವಾಗಿದೆ."

ಇನ್ಸ್‌ಪೆಕ್ಟರು ಪೆನ್ನು ತೆಗೆದರು. "ವಜ್ರಾನಾ?"

"ಉಪ್ಪು."

ಮುಖ್ಯಪೇದೆ ನಗು ನುಂಗಿಕೊಂಡು, "ಅಂಗಡೀಲಿ ಸಿಗತ್ತಲ್ಲ ಮೇಡಂ?" ಎಂದ. ಆಕೆ ಅವನನ್ನು ಕಣ್ಣಲ್ಲೇ ಸುಟ್ಟರು.

ಅದು ನೆಲದಾಳದಿಂದ ತೆಗೆದ ಮೊಳದುದ್ದದ ಉಪ್ಪುಗಲ್ಲು. ಎರಡೂ ತುದಿಗೆ ಆಸರೆ ಕೊಟ್ಟು, ನಡುವೆ ತೂಕ ತೂಗುಹಾಕಿ, ಎಷ್ಟು ಬಗ್ಗಿತೆಂದು ಆಕೆ ದಿನಾ ಬೆಳಿಗ್ಗೆ ಅಳೆಯುತ್ತಿದ್ದರು. ಹನ್ನೆರಡು ವರ್ಷದಲ್ಲಿ ಅದು ನಾಲ್ಕು ಕೂದಲೆಳೆಯಷ್ಟು ಬಗ್ಗಿತ್ತು. ಪ್ರಯೋಗ ಮುಗಿಯಲು ಇನ್ನೆಂಟು ವರ್ಷ ಬೇಕಿತ್ತು.

"ವಸ್ತುವಿನ ಬೆಲೆ?" ಎಂದು ಇನ್ಸ್‌ಪೆಕ್ಟರು ಕೇಳಿದರು.

"ನನ್ನ ಹನ್ನೆರಡು ವರ್ಷ."

ಎಫ್‌ಐಆರ್‌ನಲ್ಲಿ ಅದಕ್ಕೆ ಜಾಗವಿರಲಿಲ್ಲ. ಅವರು ಆ ಕಾಲಮ್ಮನ್ನು ಖಾಲಿ ಬಿಟ್ಟರು.

10.15ಕ್ಕೆ ಸಂಶೋಧನಾಲಯದಲ್ಲಿ ಕ್ಯಾಂಟೀನಿನವನನ್ನೂ ತೋಟದ ಮಾಲಿಯನ್ನೂ ಪಂಚರನ್ನಾಗಿ ನಿಲ್ಲಿಸಿ ಪಂಚನಾಮೆ ಶುರುವಾಯಿತು. ಬೀಗ ಒಡೆದಿರಲಿಲ್ಲ. ತೂಕದ ಬಟ್ಟುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿಟ್ಟಿತ್ತು. ಮೇಜಿನ ಮೇಲಿದ್ದ ಅಳತೆಯ ಪುಸ್ತಕವನ್ನು ಇನ್ಸ್‌ಪೆಕ್ಟರು ತೆರೆದರು.

"ಇವತ್ತಿನ ಅಳತೆ ಬರೆದಿದೆಯಲ್ಲ ಮೇಡಂ? ಬೆಳಿಗ್ಗೆ 6.40."

"ಕಲ್ಲೇ ಇಲ್ಲ, ನಾನ್ಯಾಕೆ ಪುಸ್ತಕ ಮುಟ್ಲಿ?"

ಇನ್ಸ್‌ಪೆಕ್ಟರು ತಲೆ ಕೆರೆದುಕೊಂಡರು. ಕದಿಯಲು ಬಂದು ಅಡುಗೆಮನೆಯಲ್ಲಿ ಹೊಟ್ಟೆ ತುಂಬಿಸಿಕೊಂಡವರನ್ನು ಅವರು ಕಂಡಿದ್ದರು, ಅಲ್ಲೇ ಗೊರಕೆ ಹೊಡೆದವರನ್ನೂ ಕಂಡಿದ್ದರು. ಕದಿಯುವ ಮೊದಲು ಮನೆಯವರ ಕೆಲಸ ಮುಗಿಸಿಕೊಟ್ಟು ಹೋದ ಕಳ್ಳ ಇದೇ ಮೊದಲು. ಹಾಳೆ ತಿರುವುತ್ತಾ ಹೋದಾಗ ಮೂರು ವರ್ಷದ ಹಿಂದೆ ನಾಲ್ಕು ದಿನ ಇವತ್ತಿನ ಅಳತೆಯದೇ ಅಕ್ಷರ ಸಿಕ್ಕಿತು.

"ಇದು ಯಾರು ಬರೆದಿದ್ದು?"

ಆಕೆ ನೋಡಿದರು. ಮುಖ ಬಿಳಿಚಿಕೊಂಡಿತು.

"ಆಗ ನಂಗೆ ಜ್ವರ ಬಂದಿತ್ತು. ಇದು ನಮ್ಮನೆಯವರ ಅಕ್ಷರ."

11.30ಕ್ಕೆ ಇನ್ಸ್‌ಪೆಕ್ಟರೂ ಮುಖ್ಯಪೇದೆಯೂ ಅಂಚೆ ಕಚೇರಿಗೆ ಹೋದರು. ಆಕೆಯ ಗಂಡ ಪಾರ್ಸೆಲ್ ವಿಭಾಗದ ಗುಮಾಸ್ತ. ಪೊಲೀಸರನ್ನು ಕಂಡದ್ದೇ ತಡ, ಸೀಲು ಕೆಳಗಿಟ್ಟು ಎದ್ದುನಿಂತ.

"ಕಲ್ಲೆಲ್ಲಿ?"

"ಮೂರನೇ ಕಪಾಟು. ಕೈ ಬೆವರಿದ್ರೆ ಮುಟ್ಬೇಡಿ ಸಾರ್, ಕರಗತ್ತೆ."

ಹತ್ತಿ, ಮೇಣದ ಕಾಗದ, ಹೊಲಿದ ಬಟ್ಟೆ. ಅದರ ಮೇಲೆ ದುಂಡಗೆ 'ನಾಜೂಕು' ಎಂದು ಬರೆದಿತ್ತು. ಅಷ್ಟು ಅಚ್ಚುಕಟ್ಟಾದ ಕಳ್ಳಮಾಲನ್ನು ಠಾಣೆ ಕಂಡಿರಲಿಲ್ಲ.

"ಕದಿಯೋಕೆ ಹೋದವರು ಅಳತೆ ಯಾಕೆ ಬರೆದ್ರಿ?"

"ಹನ್ನೆರಡು ವರ್ಷದಲ್ಲಿ ಒಂದು ದಿನದ ಅಳತೇನೂ ತಪ್ಪೋಕೆ ಬಿಟ್ಟಿಲ್ಲ ಸಾರ್ ಅವಳು. ಖಾಲಿ ಬಿಟ್ರೆ ಎಷ್ಟು ಸಂಕಟಪಡ್ತಾಳೆ ಗೊತ್ತಾ?"

"ಕಲ್ಲೇ ಹೋದ್ರೆ ಸಂಕಟ ಆಗಲ್ವಾ?"

ಗುಮಾಸ್ತ ಕೈಯೊರೆಸಿಕೊಂಡು ಕಲ್ಲಿನ ಕಟ್ಟನ್ನು ತಾನೇ ಎತ್ತಿಕೊಂಡ. 12.05ಕ್ಕೆ ಅವನನ್ನು ಬಂಧಿಸಲಾಯಿತು.

ಠಾಣೆಗೆ ಓಡಿಬಂದ ಹೆಂಡತಿ ಮೊದಲು ಕೇಳಿದ್ದು ಕಲ್ಲಿನ ಯೋಗಕ್ಷೇಮವನ್ನು.

"ನಿಲ್ಲಿಸಿಕೊಂಡು ತಂದ್ರಾ, ಮಲಗಿಸಿಕೊಂಡಾ?"

"ಮಲಗಿಸಿ. ತೊಡೆ ಮೇಲೆ," ಎಂದ ಗಂಡ.

"ಯಾಕ್ರೀ ಹೀಗೆ ಮಾಡಿದ್ರಿ?"

"ಸಮುದ್ರ ನೋಡೋಕೆ ನಾಲ್ಕು ಸಲ ಟಿಕೆಟ್ ತಂದೆ. ನಾಲ್ಕು ಸಲಾನೂ ನೀನು 'ನಾಳೆ ಅಳತೆ ಇದೆ' ಅಂದೆ. ಇನ್ನೆಂಟು ವರ್ಷ ನನ್ನ ಮಂಡಿ ತಡೀಬೇಕಲ್ಲ ಕಣೇ."

ಆಕೆ ಅತ್ತರು. ಮುಖ್ಯಪೇದೆ ಕಿಟಕಿಯ ಕಡೆ ತಿರುಗಿದ. ಕಣ್ಣೊರೆಸಿಕೊಂಡ ಆಕೆ ಇನ್ಸ್‌ಪೆಕ್ಟರ ಮುಂದೆ ಕೈ ಚಾಚಿದರು.

"ಕಲ್ಲು ಕೊಡಿ. ತೂಕ ಇಳಿದಮೇಲೆ ಎಷ್ಟು ನೆಟ್ಟಗಾಗತ್ತೆ ಅಂತ ಇವತ್ತಿಂದಲೇ ಅಳೀಬೇಕು."

"ಅದು ಮುದ್ದೆಮಾಲು ಮೇಡಂ. ಕೋರ್ಟು ಹೇಳೋವರೆಗೂ ಇಲ್ಲೇ."

ಬುಧವಾರ ನ್ಯಾಯಾಧೀಶರು ಜಾಮೀನು ಕೊಟ್ಟರು. ಷರತ್ತುಗಳು ಎರಡು: ಆರೋಪಿ ಮೂರು ತಿಂಗಳು ಊರು ಬಿಡುವಂತಿಲ್ಲ, ದಿನಾ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಯಲ್ಲಿ ಸಹಿ ಹಾಕಬೇಕು. ದೂರುದಾರರು ಕಲ್ಲನ್ನು ಠಾಣೆಯಲ್ಲೇ ಅಳೆಯಬಹುದೆಂದೂ ಆದೇಶವಾಯಿತು. ಸಮುದ್ರದ ಆಸೆಗೆ ಅಲ್ಲಿಗೆ ಎಳ್ಳುನೀರು ಬಿತ್ತು.

ಗುರುವಾರ 8.50ಕ್ಕೆ ಇಬ್ಬರೂ ಒಟ್ಟಿಗೆ ಮೆಟ್ಟಿಲು ಹತ್ತಿ ಬಂದರು. ಅಳತೆಯ ಪೆಟ್ಟಿಗೆ ಗಂಡನ ಕೈಯಲ್ಲಿತ್ತು. ಅವನು ಸಹಿ ಹಾಕಿದ, ಆಕೆ ಅಳೆದರು, ಮುಖ್ಯಪೇದೆ ಉಸಿರು ಬಿಗಿಹಿಡಿದು ಟಾರ್ಚು ಹಿಡಿದ.

ಇನ್ಸ್‌ಪೆಕ್ಟರು ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶವನ್ನು ಬರೆದರು: 'ಹೆಂಡತಿಯ ಜೊತೆ ಎಲ್ಲಿಗಾದರೂ ಹೋಗಬೇಕೆಂಬ ಆಸೆ.' ಹೊರಗೆ ಮೆಟ್ಟಿಲಿಳಿಯುತ್ತಿದ್ದ ಆಕೆಯ ಮಾತು ಅವರ ಕಿವಿಗೆ ಬಿತ್ತು.

"ನಾಳೆ ಅರ್ಧ ಗಂಟೆ ಮುಂಚೆ ಹೊರಡೋಣ ರೀ. ಕೆರೆ ಕಡೆಯಿಂದ ಸುತ್ತಿಕೊಂಡು ಬರೋಣ."