ಪ್ಲಗ್ ಕಿತ್ತ ಮೇಲೆ

ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು ನಾನು. ಅಂದು ಮಧ್ಯಾಹ್ನ ಭೀಮನಬೀಡಿನಲ್ಲಿ, ತೀರಿಹೋದ ಫೋಟೋಗ್ರಾಫರ್ ದೊರೆಸ್ವಾಮಿಯವರ ಕಂಪ್ಯೂಟರಿನ ಮುಂದೆ ಕೂತಿದ್ದೆ. ಅವರ ಫೋಟೋಗಳೆಲ್ಲ ಇದ್ದ ಎಸ್‌ಎಸ್‌ಡಿ ಡ್ರೈವ್ ಕೈಕೊಡುತ್ತಿತ್ತು. ಕಮಾಂಡ್ ಟೈಪ್ ಮಾಡಿ, ಡ್ರೈವನ್ನು ನಡೆಸುವ ಒಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರನ್ನು ಅಪ್‌ಡೇಟ್‌ಗೆ ಹಾಕಿದೆ. ಯುಪಿಎಸ್ ಇರಲಿಲ್ಲ, ಕಂಪ್ಯೂಟರಿಗೂ ಪರದೆಗೂ ಗೋಡೆಯ ಒಂದೇ ಪ್ಲಗ್; ನಡುವೆ ಕರೆಂಟ್ ತಪ್ಪಿದರೆ ಡ್ರೈವ್ ಸತ್ತಂತೆಯೇ.

ನಲವತ್ತು ಪರ್ಸೆಂಟ್ ಆಗಿದ್ದಾಗ ಗುಡುಗಿತು. ದೊರೆಸ್ವಾಮಿಯವರ ಹೆಂಡತಿ ನೀಲಾವತಿ ಓಡಿಬಂದು ಗೋಡೆಯ ಪ್ಲಗ್ ಕಿತ್ತರು.

"ಗುಡುಗ್ತಾ ಅದೆ ಕಣಪ್ಪ, ಸುಟ್ಟೋಯ್ತದೆ."

ಕಂಪ್ಯೂಟರಿನ ಫ್ಯಾನ್ ನಿಂತಿತು. ಪರದೆ ಆರಲಿಲ್ಲ. ನಲವತ್ತೊಂದು, ನಲವತ್ತೆರಡು. ನನ್ನ ಬೆರಳ ಕೆಳಗೆ ಕೀಬೋರ್ಡ್ ತಣ್ಣಗಾಗುತ್ತಾ ಹೋಯಿತು. ನೂರು ತಲುಪಿದ ಮೇಲೆಯೇ ಪರದೆ ಕಪ್ಪಾಯಿತು.

"ಅವ್ರೂ ಅಂಗೆ ಕಣಪ್ಪ," ಎಂದರು ನೀಲಾವತಿ. "ಕೆಲ್ಸ ಮುಗಿಯಗಂಟ ಆರ್ಸಕೆ ಬುಡ್ತಿರ್ನಿಲ್ಲ." ಪ್ಲಗ್ ಇನ್ನೂ ಅವರ ಕೈಯಲ್ಲಿತ್ತು.

ಕರೆಂಟ್ ದಿಢೀರನೆ ತಪ್ಪಿದ್ದನ್ನು ಡ್ರೈವೇ ಎಣಿಸಿಡುತ್ತದೆ. ಅಪ್‌ಡೇಟ್‌ಗೆ ಹಾಕುವ ಮೊದಲು ನೋಡಿದಾಗ ಹನ್ನೆರಡು ಸಲ ಎಂದಿತ್ತು. ಮತ್ತೆ ಪ್ಲಗ್ ಹಾಕಿ ನೋಡಿದೆ, ಹನ್ನೆರಡೇ.